ಮಾಮನ ಟರ್ಕಿಗಳ ಆರು ಜೊತೆ ಕಾಲು

ನೇಸರಿ ಊರಿನ ಮಾಮ, ಅಂದರೆ ನನ್ನ ಅವ್ವನ ಒಬ್ಬನೇ ತಮ್ಮ, ಇಚಲಕರಂಜಿಗೆ ನಮ್ಮ ಮನೆಗೆ ಬಂದನೆಂದರೆ ಕೈಯಲ್ಲಿ ಏನಾದರೂ ಇದ್ದೇ ಇರುತ್ತದೆ. ಒಮ್ಮೆ ಗಿಣ್ಣದ ಹಾಲು, ಒಮ್ಮೆ ಹಸಿ ಶೇಂಗಾ, ಒಮ್ಮೆ ಹೊಸ ಬೆಲ್ಲ. ಆ ಸಲ ಅವನ ಕೈಯಲ್ಲಿದ್ದದ್ದು ಬಿಸ್ಕೀಟಿನ ರಟ್ಟಿನ ಡಬ್ಬ. ಅದರ ಸುತ್ತಲೂ ಉದ್ದಕ್ಕೂ ತೂತು. ಮಾಮ ಅದನ್ನು ದೇವರ ಪಲ್ಲಕ್ಕಿ ಇಳಿಸಿದಷ್ಟು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟ. ಒಳಗಿನಿಂದ ಚಿಂವ್ ಚಿಂವ್ ಸದ್ದು ಬಂತು.

"ಅಕ್ಕಾ, ಸಿಟ್ಟ ಆಗಬ್ಯಾಡ," ಎಂದು ಮೊದಲೇ ಹೇಳಿಬಿಟ್ಟ. "ಟರ್ಕಿ ತಂದೇನಿ."

"ಟರ್ಕಿ? ಟವೆಲ್ಲಾ?" ಎಂದಳು ಅವ್ವ. ನಮ್ಮ ಇಚಲಕರಂಜಿಯಲ್ಲಿ ಮೂರೂ ಹೊತ್ತು ಮಾತು ನೂಲು, ಬಟ್ಟೆ, ಮಗ್ಗದ್ದೇ. ಟರ್ಕಿ ಎಂದರೆ ಮೈ ಒರೆಸುವ ದಪ್ಪ ಟವೆಲ್ಲು ಎಂಬುದನ್ನು ಬಿಟ್ಟರೆ ಅವ್ವನಿಗೆ ಬೇರೆ ಅರ್ಥ ಹೊಳೆಯುವಂತಿರಲಿಲ್ಲ. ನನ್ನ ಹೆಂಡತಿ ಡಬ್ಬದ ಮುಚ್ಚಳ ಸರಿಸಿ ನೋಡಿ, "ಟವೆಲ್ಲಿಗೆ ಕೊಕ್ಕ ಐತ್ರಿ, ಅತ್ತೀ," ಎಂದಳು.

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ತತ್ತಿ ಹಾಕಿದ್ದಾರೆಂಬ ಸಂಶಯ ಬಂದರೆ ಅವ್ವ ಬೇಕರಿಯ ಕೇಕನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಥ ಮನೆಯ ಕಟ್ಟೆಯ ಮೇಲೆ ಆರು ಕೋಳಿಜಾತಿಯ ಮರಿಗಳು ಕತ್ತು ಉದ್ದ ಮಾಡಿ ಅವ್ವನನ್ನೇ ನೋಡುತ್ತಿದ್ದವು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಮಾಮ ತನ್ನ ಕಷ್ಟ ಹೇಳಿಕೊಂಡ. ಅವನ ಮನೆ ಕಬ್ಬಿನ ಹೊಲಕ್ಕೆ ಹೊಂದಿಕೊಂಡೇ ಇದೆ. ಎಮ್ಮೆ ಕೊಟ್ಟಿಗೆಗೆ ಹಾವು ಬರುತ್ತವೆ. ಟರ್ಕಿ ಇದ್ದ ಕಡೆ ಹಾವು ಸುಳಿಯುವುದಿಲ್ಲ ಎಂದು ಯಾರೋ ಸಂತೆಯಲ್ಲಿ ಹೇಳಿದ್ದರಂತೆ. ಹಿಂದಿನ ವರ್ಷವೂ ಮರಿ ತಂದಿದ್ದನಂತೆ, ಆದರೆ ಅವು ಬೆಳೆಯುವ ಮೊದಲೇ ಕಾಲಿನ ಕಸುವು ಕಳೆದುಕೊಂಡು ಕುಂತಲ್ಲೇ ಕುಂತುಬಿಟ್ಟವಂತೆ.

"ನಿಮ್ಮ ಮನ್ಯಾಗ ಮ್ಯಾಲಿನ ಖೋಲಿ ಐತಿ, ಬೆಚ್ಚಗ ಐತಿ, ಬೆಕ್ಕ ಬರಂಗಿಲ್ಲ. ಇವು ತಮ್ಮ ಕಾಲಮ್ಯಾಲ ನಿಲ್ಲೂತನಾ ಜ್ವಾಪಾನ ಮಾಡಿ ಕೊಡ. ತಿನ್ನಾಕಲ್ಲ ಅಕ್ಕಾ, ಕಾವಲಿಗಿ. ನಾಯಿ ಸಾಕಿದಂಗ."

"ನಿನ್ನ ಹೇಂತಿ ಏನಂತಾಳ?"

"ಆಕಿ ಏನಂದ್ಲು ಅನ್ನೂದನ್ನ ಲಿಂಗಾ ಕಟ್ಟಿಕೊಂಡಾವ್ನ ಬಾಯಿಲೆ ಹೇಳಾಕ ಬರಂಗಿಲ್ಲ."

ತಮ್ಮನ ಹೆಂಡತಿ ಬೇಡ ಎಂದದ್ದನ್ನು ಅವ್ವ ಬೇಡ ಎನ್ನುವವಳಲ್ಲ. ಸೆರಗು ಮೂಗಿನಿಂದ ಕೆಳಗೆ ಬಂತು. "ಇರ್ಲಿ ಬಿಡು," ಎಂದಳು. "ಕಾವಲಿಗಿ ಅಂದಮ್ಯಾಲ ಮಡಿ ಕೆಡಂಗಿಲ್ಲ."

ನಮ್ಮ ಮನೆ ಇಚಲಕರಂಜಿಯ ಶಹಾಪುರ ಭಾಗದಲ್ಲಿದೆ. ಕೆಳಗೆ ನಾಲ್ಕು ಮಗ್ಗದ ಶೆಡ್ಡು, ಮೇಲೆ ನಾವು. ಮೇಲಿನ ಕೋಣೆಯ ನೆಲಕ್ಕೆ ಹೆಂಡತಿ ಆಗಷ್ಟೇ ಹೊಸ ಫರಶಿಕಲ್ಲು ಹಾಕಿಸಿದ್ದಳು. ಎಂಥ ಫರಶಿ ಅಂದರೆ ಬಗ್ಗಿ ನೋಡಿದರೆ ನಿಮ್ಮ ಹಲ್ಲಿನ ಸಂದಿಯೂ ಕಾಣಬೇಕು. ಬಂದ ನೆಂಟರು ಚಪ್ಪಲಿಯನ್ನಷ್ಟೇ ಅಲ್ಲ, ಕಾಲುಚೀಲವನ್ನೂ ಬಾಗಿಲಲ್ಲೇ ಬಿಟ್ಟು ಬರಬೇಕು. ಆ ಕೋಣೆಗೇ ಮರಿಗಳು ಹೋದವು. ಫರಶಿ ಹೊಲಸಾಗಬಾರದೆಂದು ಹೆಂಡತಿ ಮರಾಠಿ ಪೇಪರು ಹಾಸಿದಳು. ಬೆಚ್ಚಗಿರಲೆಂದು ನಾನು ಬಲ್ಬು ಇಳಿಬಿಟ್ಟೆ. ನಮ್ಮ ಪ್ರಕಾರ ವ್ಯವಸ್ಥೆ ಪಂಚತಾರಾ ಹೋಟೆಲ್ಲಿನದ್ದು.

ಮರುದಿನ ಬೆಳಿಗ್ಗೆ ಅವ್ವ ಚಹಾ ಹಿಡಿದುಕೊಂಡು ಆ ಕೋಣೆಗೆ ಹೋದವಳು ಅಲ್ಲಿಂದಲೇ ಕೂಗಿದಳು. ನಾವು ಓಡಿದೆವು. ಒಂದು ಮರಿ ನಡೆಯಲು ಹೋಗುತ್ತಿತ್ತು. ಎಡಗಾಲು ಗೋಡೆಯ ಕಡೆಗೆ, ಬಲಗಾಲು ಕಿಟಕಿಯ ಕಡೆಗೆ ಜಾರಿ, ಹೊಟ್ಟೆ ಪೇಪರಿನ ಮೇಲೆ ಕೂತುಬಿಡುತ್ತಿತ್ತು. ಮತ್ತೆ ಏಳುತ್ತಿತ್ತು, ಮತ್ತೆ ಎರಡೂ ಕಾಲು ಬೇರೆ ಬೇರೆ ಊರಿಗೆ ಹೊರಡುತ್ತಿದ್ದವು. ಇನ್ನೊಂದೂ ಹಾಗೇ. ಮೂರನೆಯದರ ಕಾಲು ನೆಟ್ಟಗಿದ್ದರೂ ಬೆರಳುಗಳು ಮುಷ್ಟಿ ಕಟ್ಟಿದಂತೆ ಒಳಕ್ಕೆ ಸುರುಳಿಯಾಗಿದ್ದವು. ಅದು ಗೆಣ್ಣಿನ ಮೇಲೆ ನಡೆಯುತ್ತಿತ್ತು. ಉಳಿದ ಮೂರು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು.

"ದೃಷ್ಟಿ ತಾಗೈತಿ," ಎಂದಳು ಅವ್ವ. ಉಪ್ಪು, ಮೆಣಸಿನಕಾಯಿ ತಂದು ಇಳಿ ತೆಗೆದಳು. ಮೆಣಸಿನಕಾಯಿಯ ಘಾಟಿಗೆ ನಾವು ಮೂವರೂ, ಆರು ಮರಿಗಳೂ ಸೀನಿದೆವು. ಸೀನಿದ ರಭಸಕ್ಕೆ ಮೊದಲನೆಯ ಮರಿ ಮತ್ತೆ ಜಾರಿ ಕೂತಿತು.

"ನಮ್ಮ ತಮ್ಮಗ ನಾ ಏನಂತ ಮಾರಿ ತೋರಿಸ್ಲಿ? ಆತನ ಹೇಂತಿ ನಗ್ತಾಳ," ಎಂದು ಅವ್ವ ಕಣ್ಣೀರೇ ತಂದುಕೊಂಡಳು. ಮರಿಗಳ ಕಾಲಿಗಿಂತ ಆ ನಗುವಿನ ಹೆದರಿಕೆಯೇ ಅವಳಿಗೆ ದೊಡ್ಡದಾಗಿತ್ತೆಂದು ನನಗೆ ಅನಿಸಿತು.

ನನಗೆ ಹೇಗೂ ಅಂದು ಕೊಲ್ಹಾಪುರಕ್ಕೆ ಹೋಗುವುದಿತ್ತು. ಮಗ್ಗದ ಗಾಲಿಯೊಂದು ಮುರಿದಿತ್ತು, ಫೌಂಡ್ರಿಯಲ್ಲಿ ಹೊಸದು ಎರಕ ಹಾಕಿಸಬೇಕಿತ್ತು. ಬೆರಳು ಸುರುಳಿಯಾದ ಮರಿಯನ್ನು ಸ್ಟೀಲಿನ ಕಡಬಿನ ಡಬ್ಬಿಯಲ್ಲಿ ಅರಿವೆ ಹಾಸಿ ಕೂರಿಸಿ, ಮುಚ್ಚಳ ಅರ್ಧ ತೆಗೆದು, ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಹಾತಕಣಂಗಲೆ ದಾಟುವವರೆಗೂ ಮಾತಾಡುವ ನನ್ನ ಊಟದ ಡಬ್ಬಿಯನ್ನೇ ನೋಡುತ್ತಿದ್ದು, ಆಮೇಲೆ ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋದರು.

ಕೊಲ್ಹಾಪುರದಲ್ಲಿ ಪ್ರಾಣಿಗಳ ದವಾಖಾನೆಯೊಂದರಲ್ಲಿ ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಣ್ಣುಮಗಳು, ಡಾಕ್ಟರ್‌ಬಾಯಿ, ಇದ್ದರು. ಅಜ್ಜಿಯ ಊರು ಬೆಳಗಾವಿಯಂತೆ, ಮರಾಠಿ ಬೆರೆಸಿ ಕನ್ನಡ ಆಡುತ್ತಿದ್ದರು. ಡಬ್ಬಿ ತೆಗೆದ ಕೂಡಲೇ ಅವರ ಮುಖ ಅರಳಿತು. ಬೆಳಗಿನಿಂದ ಕಚ್ಚುವ ನಾಯಿಗಳನ್ನೇ ನೋಡಿ ಬೇಸತ್ತಿದ್ದರಂತೆ.

"ನೆಲಾ ಎಂಥಾದ ಐತ್ರಿ?" ಎಂಬುದೇ ಮೊದಲ ಪ್ರಶ್ನೆ.

"ಭಾಳ ಚಂದ ಐತ್ರಿ. ಹೊಸಾ ಫರಶಿ. ಮ್ಯಾಲ ಪೇಪರ ಹಾಸೇವಿ."

"ಅಯ್ಯೋ ದೇವಾ!" ಎಂದು ಅವರು ಹಣೆ ಮುಟ್ಟಿಕೊಂಡರು. "ನೀವ ಸಣ್ಣ ಕೂಸಿನ ಎಣ್ಣಿ ಹಚ್ಚಿದ ಕಲ್ಲಿನ ಮ್ಯಾಲ ನಡಿ ಅಂತ ಬಿಟ್ಟೀರಿ. ಇವುಕ್ಕ ಎಲುಬಾ ಇನ್ನಾ ಮೆತ್ತಗ ಇರತಾವು. ಜಾರಿ ಜಾರಿ ಕಾಲ ಅಗಲಾಗಿ ಹಾಂಗ ನಿಂತ ಬಿಡತಾವು. ಮೊದಲ ಆ ಪೇಪರ ತಗೀರಿ. ಕಾಲಿಗೆ ಹಿಡತಾ ಸಿಗೂವಂಥಾದ್ದ ಏನರೆ ಹಾಸ್ರಿ."

ಆಮೇಲೆ ಒಂದೊಂದಾಗಿ ಹೇಳಿದರು. ಕಾಲು ಅಗಲವಾದ ಎರಡಕ್ಕೆ ಮೆತ್ತನೆಯ ಪಟ್ಟಿಯಿಂದ ಎರಡೂ ಕಾಲನ್ನು, ನಡುವೆ ಹೆಜ್ಜೆಯಷ್ಟು ಜಾಗ ಬಿಟ್ಟು, ಸಡಿಲವಾಗಿ ಸೇರಿಸಿ ಕಟ್ಟಬೇಕು. ಕೆಲವು ದಿನಕ್ಕೆ ಕಾಲು ತನ್ನ ಜಾಗಕ್ಕೆ ಬರುತ್ತದೆ. ಕೋಳಿಮರಿಗೆ ಸಾಲುವ ಕಾಳು ಟರ್ಕಿಮರಿಗೆ ಸಾಲದು, ಅದಕ್ಕೆ ಕಸುವಿನ ಆಹಾರ ಹೆಚ್ಚು ಬೇಕು. ನೀರಿನಲ್ಲಿ ಹಾಕಲು ವಿಟಮಿನ್ನಿನ ಪುಡಿ ಕೊಟ್ಟರು, ಏನಾದರೂ ಕೇಳುವುದಿದ್ದರೆ ಇರಲೆಂದು ಫೋನ್ ನಂಬರೂ ಕೊಟ್ಟರು. ಎಳೆಬಿಸಿಲು ಬೇಕು, ಓಡಾಡಲು ಜಾಗ ಬೇಕು, ಒಂದೇ ಡಬ್ಬದಲ್ಲಿ ತುರುಕಬಾರದು. ಹಾಗೆಂದು ತಿನ್ನಿಸಿ ತಿನ್ನಿಸಿ ಗುಂಡಗೂ ಮಾಡಬಾರದು. ಮೈ ಬೇಗ ಬೆಳೆದು ಕಾಲು ಹಿಂದೆ ಬಿದ್ದರೆ ಮತ್ತೆ ಅದೇ ತೊಂದರೆ.

"ಮತ್ತ ಈ ಬೆರಳಿಗೆ, ಬೂಟ ಮಾಡಿ ಹಾಕ್ರಿ," ಎಂದರು.

"ಬೂಟರೀ?"

"ಹೌದ್ರಿ, ಬೂಟ. ಬೆರಳ ನೆಟ್ಟಗ ಹಿಡದ ಇಡಾಕ." ಅವರು ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಹೊರಗೆ ಒಂದು ನಾಯಿ ಒಂದು ಮೇಕೆಯ ಮೇಲೆ ಬಿತ್ತು, ಮೇಕೆಯ ಯಜಮಾನ ನಾಯಿಯ ಯಜಮಾನನ ಮೇಲೆ ಬಿದ್ದ. ಡಾಕ್ಟರ್‌ಬಾಯಿ ಅತ್ತ ಓಡಿದರು. ನಾನು ಪುಡಿ ಕಿಸೆಗೆ ಹಾಕಿ, ಡಬ್ಬಿ ಎತ್ತಿಕೊಂಡು ಹೊರಬಂದೆ.

ಬೇರೆ ಊರಾಗಿದ್ದರೆ ಬೂಟು ಎಂಬ ಮಾತಿಗೆ ನಾನು ಎರಡು ಸಲ ಯೋಚಿಸುತ್ತಿದ್ದೆ. ಆದರೆ ಅದು ಕೊಲ್ಹಾಪುರ. ರಸ್ತೆಯ ಆ ತಿರುವು ದಾಟಿದರೆ ಚಪ್ಪಲಿಯ ಓಣಿ. ಡಾಕ್ಟರ್ ಬೂಟು ಎಂದಿದ್ದಾರೆ, ಊರಿನಲ್ಲಿ ಚಪ್ಪಲಿ ಸಿಗುತ್ತದೆ, ಎರಡರ ನಡುವೆ ಅಂಥ ಫರಕು ಏನು ಎಂದು ನಾನು ಸೀದಾ ಓಣಿಗೆ ಹೋದೆ.

ಮೊದಲ ಎರಡು ಅಂಗಡಿಯ ಮುಂದೆ ಧೈರ್ಯ ಬರಲಿಲ್ಲ. ಮೂರನೆಯದರಲ್ಲಿ ಕನ್ನಡ ಕೇಳಿಸಿತು. ಒಳಗೆ ಕೂತು ಪಟ್ಟಿ ಹೆಣೆಯುತ್ತಿದ್ದ ಹಿರಿಯರು ಮೂಲತಃ ಅಥಣಿ ಕಡೆಯವರು. ನಾನು ಕೂತೆ.

"ಬರ್ರಿ. ಯಾರಿಗಿ ಬೇಕ್ರಿ?"

"ಸಣ್ಣಾವುಕ್ಕರಿ."

"ಎಷ್ಟ ನಂಬರ?"

"ಅದು... ನೀವ ನೋಡಿ ಹೇಳಬೇಕ್ರಿ." ನಾನು ಡಬ್ಬಿಯ ಮುಚ್ಚಳ ತೆಗೆದೆ. ಮರಿ ಕತ್ತು ಹೊರಹಾಕಿ ಅಂಗಡಿಯನ್ನು ಒಮ್ಮೆ ಸುತ್ತ ನೋಡಿತು, ಯಾವ ನಮೂನೆ ಇಷ್ಟವಾಯಿತೆಂದು ಹೇಳುವಂತೆ.

ಅವರು ಹೆಣೆಯುವುದನ್ನು ಬಿಟ್ಟು ಮೊದಲು ಮರಿಯನ್ನು, ಆಮೇಲೆ ನನ್ನನ್ನು ನೋಡಿದರು. ಹೊಡೆಯುತ್ತಾರೋ ಏನೋ ಅಂದುಕೊಂಡೆ. ಆಮೇಲೆ ಕನ್ನಡಕ ಏರಿಸಿ, "ಈ ನಂಬರ ನನ್ನ ಕಡೆ ತಯಾರ ಇಲ್ಲ," ಎಂದರು. "ಆರ್ಡರ ಕೊಟ್ರ ಮಾಡಬೌದು."

ನಾನು ಕಾರಣ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಮರಿಯನ್ನು ಅಂಗೈಮೇಲೆ ನಿಲ್ಲಿಸಿಕೊಂಡು ಕಾಲಿನ ಕೆಳಗೆ ಕಾಗದ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದರು. ಮರಿ ಕಾಗದದ ಮೇಲೆ ಗಲೀಜು ಮಾಡಿತು. ಎರಡನೆಯ ಕಾಗದ ಬಂತು.

"ಒಂದ ಕಾಲಿಗಿ ಸಾಕ್ರಿ," ಎಂದೆ. "ಬಲಗಾಲ ಜರಾ ಬರೋಬರಿ ಐತಿ."

"ಒಂಟಿ ಚಪ್ಪಲಿ ಮಾಡಾಂಗಿಲ್ಲ ನಾವ. ಮನಿತನಕ್ಕ ಬರೋಬರಿ ಅಲ್ಲ. ಮಾಡಿದ್ರ ಜೋಡಿ." ಚರ್ಮದ ತೆಳ್ಳನೆಯ ಚೂರು ಹುಡುಕುತ್ತ ತಲೆ ಎತ್ತಿದರು. "ಕರಕರ ಸಪ್ಪಳಾ ಬೇಕೇನ್ರಿ?"

ಕೊಲ್ಹಾಪುರಿ ಚಪ್ಪಲಿಯ ಸೊಗಸೇ ಅದು, ನಡೆದರೆ ಕರಕರ ಎನ್ನಬೇಕು. ನಾನು ಬೇಡ ಎನ್ನಬೇಕಿತ್ತು. ಆದರೆ ಅವರು ಕೇಳಿದ ಧಾಟಿ ಎಷ್ಟು ಗಂಭೀರವಾಗಿತ್ತೆಂದರೆ, ಬೇಡ ಎಂದರೆ ಮರಿಗೆ ಅವಮಾನವಾದೀತು ಅನಿಸಿತು. "ನಿಮ್ಮ ಮರ್ಜಿ," ಎಂದೆ.

ನಾನು ಫೌಂಡ್ರಿಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಜೋಡಿ ತಯಾರಾಗಿತ್ತು. ಪ್ರತಿಯೊಂದೂ ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ನಡುವೆ ಹೆಣೆದ ಪಟ್ಟಿ, ಬೆರಳಿಗೆ ಉಂಗುರ, ಮೇಲೆ ಕೆಂಪು ಗೊಂಡೆ. ಪಕ್ಕದ ಅಂಗಡಿಯವರೆಲ್ಲ ಬಂದು ನೋಡುತ್ತಿದ್ದರು. ಒಬ್ಬರು ತಮ್ಮ ಗಿಳಿಗೂ ಆಗಬಹುದೇ ಎಂದು ವಿಚಾರಿಸುತ್ತಿದ್ದರು. ಹಿರಿಯರು ಅದನ್ನು ಕಾಗದದಲ್ಲಿ ಸುತ್ತಿ ಕೊಡುತ್ತ, "ನೀರಾಗ ಹಾಕಬ್ಯಾಡ ಅನ್ರಿ ಅದಕ್ಕ," ಎಂದು ಎಚ್ಚರಿಸಿದರು.

ಮನೆಯಲ್ಲಿ ಚಪ್ಪಲಿಯ ಮುಹೂರ್ತಕ್ಕೆ ಎಲ್ಲರೂ ಸೇರಿದರು. ಅವ್ವ ಅದನ್ನು ನೋಡಿ, "ಯವ್ವಾ, ಮದುಮಗ ಆದಿ ನೋಡ!" ಎಂದು ಮರಿಯ ನೆಟಿಕೆ ತೆಗೆದಳು. ಮೂವರೂ ಹಿಡಿದು ಹಾಕಿದೆವು. ಮರಿ ಬಲಗಾಲು ಎತ್ತಿತು. ಕೆಳಗೆ ಇಡಲಿಲ್ಲ. ಹಾಗೆಯೇ ಒಂಟಿಕಾಲಿನಲ್ಲಿ ತಪಸ್ಸಿಗೆ ನಿಂತಂತೆ ನಿಂತು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ಕೊನೆಗೆ ಕಾಲು ಊರಿದಾಗ 'ಕರ್' ಎಂದು ಸದ್ದಾಯಿತು. ಮರಿ ಹಾರಿಬಿತ್ತು. ಇಳಿದಾಗ ಮತ್ತೆ ಕರ್. ಮತ್ತೆ ಹಾರಿತು. ಉಳಿದ ಐದು ಮರಿಗಳು, ಕಾಲು ಅಗಲವಾದ ಎರಡು ಹೊಟ್ಟೆಯ ಮೇಲೆ ತೆವಳುತ್ತ, ಮೊದಲು ಗೋಡೆಯ ಮೂಲೆಗೆ ಓಡಿದವು, ಆಮೇಲೆ ಕೆಂಪು ಗೊಂಡೆ ಕಂಡಿತು. ಕೆಂಪು ಕಂಡರೆ ಟರ್ಕಿಮರಿ ಸುಮ್ಮನಿರುವುದಿಲ್ಲ ಎಂಬುದು ನಮಗೆ ಅಂದೇ ಗೊತ್ತಾದದ್ದು. ಐದೂ ಒಟ್ಟಿಗೆ ಬಂದು ಗೊಂಡೆ ಕುಕ್ಕತೊಡಗಿದವು. ಮದುಮಗ ಕರ್ ಕರ್ ಎನ್ನುತ್ತ ಫರಶಿಯ ಮೇಲೆ ಜಾರಿ ಜಾರಿ ಓಡಿ, ಹೆಂಡತಿಯ ಸೀರೆಯ ನಿರಿಗೆಯೊಳಗೆ ಹೊಕ್ಕಿತು.

ಹೆಂಡತಿ ನನ್ನ ಕಿಸೆಯಿಂದ ಫೋನು ತೆಗೆದು ಚಪ್ಪಲಿ ಹಾಕಿದ ಮರಿಯ ಫೋಟೋವನ್ನು ಡಾಕ್ಟರ್‌ಬಾಯಿಗೆ ಕಳಿಸಿದಳು. ಕೂಡಲೇ ಫೋನು ಬಂತು. ಆ ಕಡೆಯಿಂದ ಬರೀ ಉಸಿರು ಕಟ್ಟಿದಂತೆ ನಗು.

"ರಟ್ಟಿನ ಬೂಟ ಅಂತ ಹೇಳಾಕತ್ತಿದ್ನೆಲ್ರಿ ನಾ!" ಎಂದರು ಕೊನೆಗೆ. "ರಟ್ಟಿಂದ ಒಂದ ಚೂರ ಕತ್ತರಿಸಿ ಬೆರಳ ಅದರ ಮ್ಯಾಲ ನೆಟ್ಟಗ ಇಟ್ಟ ದವಾಖಾನಿ ಟೇಪ ಹಚ್ಚರಿ, ಅಷ್ಟ. ಆದ್ರ ಆ ಚಪ್ಪಲಿ ಮಾತ್ರ ಒಗೀಬ್ಯಾಡ್ರಿ, ನನಗ ಬೇಕು."

ಅಂದಿನಿಂದ ಮರಿಗಳ ಆಡಳಿತ ನನ್ನ ಕೈತಪ್ಪಿತು. ಹೆಂಡತಿ ಕತ್ತರಿ, ರಟ್ಟು, ಟೇಪು ಹಿಡಿದು ಕೂತಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒತ್ತಿ, ಅಂಟಿಸಿದಳು. ಕಾಲು ಅಗಲವಾದ ಎರಡಕ್ಕೆ ಮೆತ್ತನೆ ಪಟ್ಟಿಯ ಬೇಡಿ ಹಾಕಿದಳು. ಬೇಡಿ ಹಾಕಿದವು ಮೊದಲು ಬೋರಲು ಬಿದ್ದವು, ಆಮೇಲೆ ಚಿಕ್ಕ ಚಿಕ್ಕ ಹೆಜ್ಜೆ ಕಲಿತವು, ಬಿಗಿಯಾದ ಸೀರೆ ಉಟ್ಟ ಹೊಸ ಸೊಸೆಯರ ಹಾಗೆ.

ಹಾಸಲಿಕ್ಕೆ ಅವ್ವ ಟರ್ಕಿ ಟವೆಲ್ಲೇ ಬೇಕೆಂದಳು. "ಹೆಸರಿನಾಗ ಐತಿ, ಅವುಕ್ಕಂತನ ಮಾಡಿರಬೇಕು," ಎಂಬುದು ಅವಳ ವಾದ. ಹಾಸಿ ನೋಡಿದರೆ ಟವೆಲ್ಲಿನ ನೂಲಿನ ಕುಣಿಕೆಗಳಿಗೆ ಉಗುರು ಸಿಕ್ಕಿಕೊಂಡು ಮರಿಗಳು ಎತ್ತಿದ ಕಾಲು ಬಿಡಿಸಿಕೊಳ್ಳಲಾಗದೆ ಒದ್ದಾಡಿದವು. ಟವೆಲ್ಲು ಹೋಗಿ ಗೋಣಿಚೀಲ ಬಂತು. ಗೋಣಿಯ ಮೇಲೆ ಮೊದಲ ಸಲ ಆರೂ ಮರಿಗಳು ಜಾರದೆ ನಿಂತಾಗ ಹೆಂಡತಿ ಹೊಳೆಯುವ ಫರಶಿಯೆಲ್ಲ ಮುಚ್ಚಿಹೋದದ್ದನ್ನು ನೋಡಿ ನಿಟ್ಟುಸಿರು ಬಿಟ್ಟಳು. ಆದರೆ ಮರುಗಳಿಗೆಯಲ್ಲೇ ಬಗ್ಗಿ, ಒಂದರ ಕಾಲಡಿಯ ಗೋಣಿಯ ಸುಕ್ಕು ಸರಿಮಾಡಿದಳು.

ಊಟದ ವಿಷಯದಲ್ಲಿ ಜಗಳವೇ ಆಯಿತು. ಕಸುವಿನ ಕಾಳು ತರಲು ಅಂಗಡಿಗೆ ಅವ್ವನೇ ಬಂದಳು. ಅಂಗಡಿಯವನು ಚೀಲ ತೋರಿಸಿದ.

"ಇದರಾಗ ಏನೇನ ಐತಿ?"

"ಮೆಕ್ಕಿಜೋಳ, ಸೋಯಾ, ಮೀನಿನ ಪುಡಿ..."

"ಮೀನ!" ಅವ್ವ ನಾಲ್ಕು ಹೆಜ್ಜೆ ಹಿಂದೆ ಸರಿದಳು. "ನಮ್ಮ ಮನ್ಯಾಗ ಇದ್ದಾವು ಮೀನ ತಿನ್ನಂಗಿಲ್ಲ."

"ಅಜ್ಜೀ, ಕೋಳಿಗೆ ಯಾವ ಜಾತಿ?"

"ಕೋಳಿ ಅಲ್ಲ ಅವು, ಕಾವಲಿನವು." ಕೊನೆಗೆ ಮೀನಿಲ್ಲದ, ಸೋಯಾ ಹೆಚ್ಚಿದ್ದ ಇನ್ನೊಂದು ಚೀಲ ಸಿಕ್ಕಿತು. ಫೋನಿನಲ್ಲಿ ಕೇಳಿದಾಗ ಡಾಕ್ಟರ್‌ಬಾಯಿಯೂ ಅದು ನಡೆಯುತ್ತದೆ, ಪುಡಿ ಮಾತ್ರ ತಪ್ಪಿಸಬೇಡಿ ಎಂದರು. ಅವ್ವ ಗೆದ್ದಳು. ಆದರೆ ಅದೇ ವಾರ ಮನೆಯ ಮೇಲಿನ ಬಯಲು ಗಚ್ಚಿಯಲ್ಲಿ ಬಿಸಿಲು ಕಾಯಿಸಲು ಬಿಟ್ಟಾಗ ಒಂದು ಮರಿ ಅವ್ವನ ಕಣ್ಣೆದುರಿಗೇ ಜಿರಳೆಯೊಂದನ್ನು ಹಿಡಿದು ನುಂಗಿತು. ಇನ್ನೊಂದು ಮಿಡತೆ ನುಂಗಿತು. ನಾನು ಅವ್ವನ ಮುಖ ನೋಡಿದೆ. ಅವ್ವ ತುಳಸಿಕಟ್ಟೆಯ ಕಡೆ ತಿರುಗಿ ನಿಂತಿದ್ದಳು.

"ಅವ್ವಾ, ಕಂಡೇನ?"

"ನಾ ಏನೂ ಕಂಡಿಲ್ಲ," ಎಂದಳು. "ಹೊರಗ ಏನ ತಿಂದ ಬರತೀರಿ ಅಂತ ನಿನಗರೆ ನಾ ಎಂದಾದ್ರೂ ಕೇಳೇನೇನ?"

ನಾನು ಮರಿಗಳ ನೀರಿನ ಬಟ್ಟಲು ತುಂಬಲು ಹೋದೆ.

ಓಡಾಟದ ಜವಾಬ್ದಾರಿ ಅವ್ವ ತಾನೇ ತೆಗೆದುಕೊಂಡಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಒಂದು ಅಲ್ಯುಮಿನಿಯಂ ತಟ್ಟೆ, ಒಂದು ಚಮಚ ಹಿಡಿದು ಗಚ್ಚಿಗೆ ಹೋಗುವಳು. ಟಣ್ ಟಣ್ ಎಂದು ಬಾರಿಸುತ್ತ ಮುಂದೆ ನಡೆದರೆ ಹಿಂದೆ ಆರು ಮರಿಗಳು ಸಾಲಾಗಿ. ಟೇಪು ಬಿಚ್ಚಿದ ಮದುಮಗ ಕೊನೆಯಲ್ಲಿ ಸ್ವಲ್ಪ ವಾಲುತ್ತ, ಆದರೆ ಬೆರಳೆಲ್ಲ ನೆಟ್ಟಗೆ. ಓಣಿಯ ಜನ ತಮ್ಮ ತಮ್ಮ ಗಚ್ಚಿಯಿಂದ ಈ ಪರೇಡು ನೋಡುತ್ತ ಹಲ್ಲುಜ್ಜುತ್ತಿದ್ದರು. ಅವ್ವನಿಗೆ ಮೆರವಣಿಗೆಯ ರುಚಿ ಹತ್ತಿತು. ಸುತ್ತು ಹೆಚ್ಚಾದವು, ತಟ್ಟೆಯ ತಾಳ ಬದಲಾಯಿತು.

ತೊಂದರೆ ಎಂದರೆ, ಪರೇಡು ಮುಗಿದ ಮೇಲೆ ಅವ್ವ ಅವುಗಳಿಗೆ ಗುಟ್ಟಾಗಿ ಬೆಲ್ಲ, ಮೆಕ್ಕೆಜೋಳ, ತುಪ್ಪ ಸವರಿದ ರೊಟ್ಟಿಯ ಚೂರು ಕೊಡುತ್ತಿದ್ದಳು. ಹೆಂಡತಿ ಹಿಡಿದಳು.

"ಅತ್ತೀ, ಮೈ ಬೆಳದ ಕಾಲ ತಡಿಯಂಗಿಲ್ಲ ಅಂತ ಡಾಕ್ಟರಬಾಯಿ ಹೇಳ್ಯಾರ. ತುಪ್ಪ ಯಾಕ ಕೊಡತೀರಿ?"

"ತವರಮನಿ ಹಕ್ಕಿ ಅವು. ಉಪಾಸ ಕಳಸ್ಲೇನ? ನಿನ್ನ ತವರಿಂದ ಯಾರರೆ ಬಂದ್ರ ನಾ ತುಪ್ಪ ಹಾಕಿಲ್ಲೇನ?"

"ನಮ್ಮ ತವರಿನವರಿಗೆ ಕಾಲ ಎಲ್ಲಾ ಬರೋಬರಿ ಅದಾವ್ರಿ."

ತುಪ್ಪ ನಿಂತಿತು. ಬೆಲ್ಲ ಹಬ್ಬಕ್ಕೆ ಮಾತ್ರ ಎಂದು ಒಪ್ಪಂದವಾಯಿತು. ಆ ತಿಂಗಳಲ್ಲಿ ಅವ್ವನಿಗೆ ಇದ್ದಕ್ಕಿದ್ದಂತೆ ಬಹಳ ಹಬ್ಬಗಳು ನೆನಪಾದವು.

ಹೀಗೆ ಮರಿಗಳು ಬೆಳೆದವು. ಕೆಳಗೆ ಮಗ್ಗ ಖಟಾಖಟ್ ಎನ್ನುತ್ತಿದ್ದರೆ ಮೇಲೆ ಸುಖವಾಗಿ ಮಲಗುತ್ತಿದ್ದವು. ಕರೆಂಟು ಹೋಗಿ ಮಗ್ಗ ನಿಂತರೆ ಎದ್ದು ಆರೂ ಒಟ್ಟಿಗೆ ಬೊಬ್ಬೆ ಹಾಕುತ್ತಿದ್ದವು. ಬಿಲ್ಲು ಕಟ್ಟಿಯೂ ಕರೆಂಟು ಬಾರದ ಓಣಿಯ ಜನರ ಪರವಾಗಿ ಮಾತಾಡುವ ಪುಢಾರಿಗಳ ಹಾಗೆ. ಕಾಲುಗಳು ಮಾತ್ರ ನೋಡುವಂತಿದ್ದವು. ಉದ್ದ, ನೇರ, ಹುರಿಗಟ್ಟಿದ ಕಾಲು. ಹೆಂಡತಿ ಒಮ್ಮೊಮ್ಮೆ ಅವನ್ನು ಹಿಡಿದು ತಿರುವಿ ನೋಡಿ, ಶಾಲೆಯಲ್ಲಿ ಮಗ ಮೊದಲನೆಯವನಾಗಿ ಬಂದವಳ ಹಾಗೆ ತಲೆಯಾಡಿಸುತ್ತಿದ್ದಳು.

ಇನ್ನು ಕಳಿಸಬಹುದು ಎಂದು ಡಾಕ್ಟರ್‌ಬಾಯಿ ಹೇಳಿದ ಮೇಲೆ, ಒಂದು ಭಾನುವಾರ ಮೂವರೂ ಸೇರಿ ಅವನ್ನು ನೇಸರಿಗೆ ಒಯ್ಯಲು ಹೊರಟೆವು. ಎರಡು ದೊಡ್ಡ ರಟ್ಟಿನ ಡಬ್ಬ, ಒಂದೊಂದರಲ್ಲಿ ಮೂರು. ಗಡಹಿಂಗ್ಲಜದವರೆಗೆ ಒಂದು ಬಸ್ಸು, ಅಲ್ಲಿಂದ ನೇಸರಿಗೆ ಇನ್ನೊಂದು. ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಡಬ್ಬ ಕೆಳಗಿಟ್ಟೆ. ಎತ್ತಿದಾಗ ಡಬ್ಬ ಮೇಲೆ ಬಂತು, ತಳ ಬರಲಿಲ್ಲ. ಮೂರು ಟರ್ಕಿಗಳು ಬಸ್‌ಸ್ಟ್ಯಾಂಡಿನ ನಡುವೆ ನಿಂತು ಮೈ ಝಾಡಿಸಿಕೊಂಡವು. ಅವನ್ನು ಹಿಡಿಯಲು ಹೆಂಡತಿ ಕೈಯಲ್ಲಿದ್ದ ಇನ್ನೊಂದು ಡಬ್ಬವನ್ನು ಬಿಟ್ಟಳು. ಅದೂ ಒಡೆಯಿತು.

ಆಮೇಲೆ ಅವು ಓಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಎರಡು ಸೀದಾ ಕಂಟ್ರೋಲ್ ರೂಮಿಗೆ ಹೋದವು. ಒಂದು ನಿಂತ ಬಸ್ಸಿನ ಮುಂದಿನ ಬಾಗಿಲಿನಿಂದ ಹತ್ತಿ ಹಿಂದಿನ ಬಾಗಿಲಿನಿಂದ ಇಳಿಯಿತು, ಕಂಡಕ್ಟರ್ ಅದರ ಹಿಂದೆ. ನಾನು ಒಂದರ ಹಿಂದೆ ಓಡಿದೆ. ಅದು ಹೆಜ್ಜೆ ಹೆಜ್ಜೆಗೂ ದೂರವಾಗುತ್ತಿತ್ತು. ಅದರ ತೊಡೆಯ ಬಲ, ಪಾದದ ಹಿಡಿತ, ತಿರುವಿನಲ್ಲಿ ಎಳ್ಳಷ್ಟೂ ಜಾರದ ಆ ನಡಿಗೆ! ಕಬ್ಬಿನ ಹಾಲಿನ ಗಾಡಿಯ ಹತ್ತಿರ ದಮ್ಮು ಹತ್ತಿ ನಿಂತು ನೋಡಿದರೆ, ಮುಂದೆ ಓಡುತ್ತಿದ್ದದ್ದು ನಮ್ಮ ಮದುಮಗ.

"ಯಾಕಿಷ್ಟ ಗಟ್ಟಿ ಮಾಡೀಯೇ ಕಾಲ?" ಎಂದು ಅವ್ವ ನನ್ನ ಹೆಂಡತಿಯನ್ನು ಗದರಿದಳು.

"ನಾ ರಟ್ಟ ಅಷ್ಟ ಹಚ್ಚೇನ್ರಿ. ಪರೇಡ ಮಾಡ್ಸಿದಾವ್ರ ಯಾರ?"

ಜನ ಸೇರಿದರು. ಒಬ್ಬ ಇದು ನವಿಲು ಎಂದ, ಇನ್ನೊಬ್ಬ ರಣಹದ್ದು ಎಂದ, ಒಬ್ಬ ಮುದುಕ ಸರಕಾರದ್ದಿರಬೇಕು ಮುಟ್ಟಬ್ಯಾಡ್ರಿ ಎಂದ. ಅವ್ವ ಎಲ್ಲರನ್ನೂ ಸರಿಸಿ ಚಹಾದ ಅಂಗಡಿಗೆ ಹೋದಳು. ಅಲ್ಲಿಂದ ಒಂದು ತಟ್ಟೆ, ಒಂದು ಚಮಚ ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಟಣ್ ಟಣ್ ಎಂದು ಬಾರಿಸುತ್ತ, ಯಾರ ಕಡೆಗೂ ನೋಡದೆ ನೇಸರಿಯ ಬಸ್ಸು ನಿಲ್ಲುವ ಫಲಾಟಿನ ಕಡೆಗೆ ನಡೆಯತೊಡಗಿದಳು. ಕಂಟ್ರೋಲ್ ರೂಮಿನಿಂದ ಎರಡು ಹೊರಬಂದವು. ಬಸ್ಸಿನ ಅಡಿಯಿಂದ ಒಂದು ಬಂತು. ಪೇಪರಿನ ಅಂಗಡಿಯಿಂದ ಎರಡು. ಎಲ್ಲಕ್ಕಿಂತ ಕೊನೆಗೆ ಮದುಮಗ, ಸ್ವಲ್ಪ ವಾಲುತ್ತ. ಸಾಲು ಕೂಡಿತು. ಮೆರವಣಿಗೆ ಬಸ್‌ಸ್ಟ್ಯಾಂಡನ್ನು ಅರ್ಧ ಸುತ್ತಿ ನೇಸರಿಯ ಬಸ್ಸಿನ ಮುಂದೆ ನಿಂತಿತು. ಜನ ಚಪ್ಪಾಳೆ ಹೊಡೆದರು. ಅವ್ವನ ಮುಖದಲ್ಲಿ ನಗು ಇರಲಿಲ್ಲ. ಅದು ಬಹಳ ದೊಡ್ಡ ಹೆಮ್ಮೆ ಇದ್ದಾಗ ಅವಳು ಮಾಡುವ ಮುಖ.

ಚಹಾದವನು ತಟ್ಟೆ ಕೇಳಲು ಬಂದ. ಬಸ್ಸು ಬಿಡುವವರೆಗೆ ಕೊಡಲಾಗುವುದಿಲ್ಲ ಎಂದು ಅವನಿಗೆ ತಿಳಿಹೇಳಬೇಕಾಯಿತು.

ನೇಸರಿಯಲ್ಲಿ ಮಾಮ ಒಂದೊಂದನ್ನೂ ಎತ್ತಿ, ಕಾಲು ಮುಟ್ಟಿ ನೋಡಿದ. ಅವನ ಕಣ್ಣು ಒದ್ದೆಯಾದವು. ಅತ್ತೆ, ಅಂದರೆ ಮಾಮನ ಹೆಂಡತಿ, ಬಾಗಿಲಲ್ಲಿ ನಿಂತು ನಗದೇ ಇದ್ದದ್ದನ್ನು ಅವ್ವ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು. ನಾವು ಅವನ್ನು ಬಿಟ್ಟು ಬಂದ ಒಂದು ವಾರಕ್ಕೆ ಮಾಮನ ಫೋನು ಬಂತು. ಕಬ್ಬಿಗೆ ನೀರು ಬಿಡುವ ಸಣ್ಣ ಕರಿ ಪೈಪುಗಳನ್ನು ಆರೂ ಸೇರಿ ಹಾವೆಂದು ತಿಳಿದು ಸುತ್ತುಗಟ್ಟಿ ಕುಕ್ಕಿ ತೂತು ಮಾಡಿದ್ದವಂತೆ. ನಿಜವಾದ ಹಾವು ಬಂತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಂದಿದ್ದರೆ ಆ ಗದ್ದಲ ಕೇಳಿ ಮುಂದಿನ ಹೊಲಕ್ಕೆ ಹೋಗಿರಬೇಕು. ಮಾಮ ಈಗ ಪೈಪನ್ನು ಮಣ್ಣಿನಲ್ಲಿ ಹೂತಿದ್ದಾನೆ.

ಹೋದ ತಿಂಗಳು ನಾನು ಮಗ್ಗದ ಕೆಲಸಕ್ಕೆಂದು ಆ ಕಡೆ ಹೋದವನು ನೇಸರಿಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಬೆಳಿಗ್ಗೆ ಮಾಮ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟ. ಗಂಡು ಟರ್ಕಿಗಳಲ್ಲಿ ದೊಡ್ಡದೊಂದು ಅವನ ಹಿಂದೆಯೇ ಹೊರಟಿತು.

"ಇದೂ ಬರತೈತೇನ ಮಾಮಾ?"

"ಏನ ಮಾಡ್ಲಿ? ನಿಮ್ಮ ಅವ್ವ ನಡದಾಡೂ ಚಟಾ ಹಚ್ಚಿ ಕಳಸ್ಯಾಳ. ಬಿಟ್ಟ ಹೋದ್ರ ದಿನಾ ಪೂರ್ತಿ ಮಾರಿ ಉಬ್ಬಸ್ಕೊಂಡ ಕುಂಡರತೈತಿ."

ಅವರಿಬ್ಬರೂ ರಸ್ತೆಯ ಅಂಚು ಹಿಡಿದು ಹೋದರು, ನಾನೂ ಜೊತೆಗೆ ಹೊರಟೆ. ಹಾಲು ಹಾಕಲು ನಿಂತ ಸಾಲಿನಲ್ಲಿ ಮಾಮನ ಹಿಂದೆ ಟರ್ಕಿ, ಟರ್ಕಿಯ ಹಿಂದೆ ನಾನು. ನನ್ನ ಹಿಂದಿನ ಹೆಂಗಸು ನನ್ನ ಭುಜ ತಟ್ಟಿ, "ಸಾಲ ಬಿಟ್ಟ ನಿಲ್ರಿ ತಮ್ಮಾ, ನಿಮ್ಮ ಕಡೆ ಹಾಲಿಲ್ಲಲಾ," ಎಂದಳು. ಟರ್ಕಿಗೆ ಏನೂ ಅನ್ನಲಿಲ್ಲ. ನಾನು ಪಕ್ಕಕ್ಕೆ ಸರಿದು ನಿಂತೆ.